12345654321: ಕೈ ಮುಗಿಯಬೇಡಿ, ಪೆನ್ನು ಹಿಡಿಯಿರಿ

ಈ ಸಂಖ್ಯೆ ನೋಡಿ: 12345654321. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇಂಥದ್ದು ವಾಟ್ಸಾಪಿನಲ್ಲಿ ಬಂದರೆ ಕೆಳಗೆ ‘ದೈವ ಸಂಖ್ಯೆ, ಹತ್ತು ಜನಕ್ಕೆ ಕಳಿಸಿ’ ಎಂಬ ಬಾಲವೂ ಇರುತ್ತದೆ. ಇದರಲ್ಲಿ ದೈವವೂ ಇಲ್ಲ, ಪವಾಡವೂ ಇಲ್ಲ ಎಂದು ನಾವು ಹೇಳುತ್ತೇವೆ. ನಮ್ಮ ಮಾತು ನಂಬಬೇಡಿ, ಲೆಕ್ಕ ಮಾಡಿ ನೋಡಿ.

111111 ಅನ್ನು 111111ರಿಂದ ಗುಣಿಸಿ. ಶಾಲೆಯಲ್ಲಿ ಕಲಿಸಿದ ಹಾಗೇ ಒಂದರ ಕೆಳಗೊಂದು ಆರು ಸಾಲು ಬರೆಯಿರಿ, ಪ್ರತಿ ಸಾಲನ್ನೂ ಒಂದೊಂದು ಮನೆ ಎಡಕ್ಕೆ ಸರಿಸಿ. ಈಗ ಕೂಡಿ. ಬಲತುದಿಯ ಮನೆಯಲ್ಲಿ ಒಂದೇ ಒಂದು 1 ಇದೆ. ಅದರ ಪಕ್ಕ ಎರಡು, ಅದರ ಪಕ್ಕ ಮೂರು. ನಡುವಿನ ಮನೆಯಲ್ಲಿ ಆರು. ಅಲ್ಲಿಂದ ಮತ್ತೆ ಇಳಿಜಾರು. ಅಷ್ಟೇ ಗುಟ್ಟು!

ಒಂಬತ್ತು ಒಂದುಗಳ ತನಕ ಈ ಆಟ ನಡೆಯುತ್ತದೆ, ಆಗ ಉತ್ತರ 12345678987654321. ಹತ್ತು ಒಂದುಗಳನ್ನು ತೆಗೆದುಕೊಂಡರೆ ನಡುವಿನ ಮನೆಯಲ್ಲಿ ಹತ್ತಾಗುತ್ತದೆ, ಒಂದು ಎಡಕ್ಕೆ ಜಿಗಿಯುತ್ತದೆ, ಉತ್ತರ 1234567900987654321 ಆಗಿ ಚೆಲುವೇ ಕೆಡುತ್ತದೆ. ದೈವಕ್ಕೆ ಹತ್ತು ಎಂದರೆ ಭಯವೇ?

ಈ ಸಂಖ್ಯೆ ನಮ್ಮ ನೆಲಕ್ಕೆ ಹೊಸದಲ್ಲ. 9ನೇ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದರು. 27994681 ಅನ್ನು 441ರಿಂದ ಗುಣಿಸಿದರೆ ಇದೇ 12345654321 ಬರುತ್ತದೆ ಎಂಬ ಲೆಕ್ಕ ಅದರಲ್ಲಿದೆ. 142857143 ಅನ್ನು 7ರಿಂದ ಗುಣಿಸಿದರೆ 1000000001 ಬರುವುದೂ ಇದೆ. ಇಂಥ ಉತ್ತರಗಳನ್ನು ಅವರು ಕೊರಳ ಹಾರಕ್ಕೆ ಹೋಲಿಸಿದರು. ಹಾರ ಎಂದರೇ ಹೊರತು ತಾಯತ ಮಾಡಿ ಮಾರಲಿಲ್ಲ. ಗುಣಾಕಾರ ಕಲಿಯುವವರಿಗೆ ಲೆಕ್ಕವಾಗಿ ಕೊಟ್ಟರು.

ಸಾವಿರದ ನೂರು ವರ್ಷ ದಾಟಿದ ಮೇಲೆ ನಾವು ಮಾಡುತ್ತಿರುವುದೇನು? ಗಾಡಿಗೆ ಲಕ್ಕಿ ನಂಬರ್, ಮೊಬೈಲಿಗೆ ಲಕ್ಕಿ ನಂಬರ್, ಮಗುವಿನ ಹೆಸರಿಗೆ ಒಂದು ಅಕ್ಷರ ಹೆಚ್ಚು. ಅದನ್ನು ಹೇಳುವವರಿಗೆ ದಕ್ಷಿಣೆ ಬೇರೆ. ಅದೇ ಮಗು ಗಣಿತಕ್ಕೆ ಹೆದರಿದರೆ ಮಾತ್ರ ‘ನಮ್ಮ ಹಳ್ಳಿ ಮಕ್ಕಳಿಗೆ ಅದೆಲ್ಲ ತಲೆಗೆ ಹತ್ತಲ್ಲ’ ಎನ್ನುತ್ತೇವೆ. ಇದು ಸುಳ್ಳು. ರಾಮನಗರದ ಮಾರುಕಟ್ಟೆಗೆ ಗೂಡು ತರುವ ರೈತ, ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವ ಕೆಲಸಗಾರ, ಕನಕಪುರ, ಮಾಗಡಿಯ ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿ ಎಲ್ಲರೂ ದಿನಾ ಲೆಕ್ಕದಲ್ಲೇ ಬದುಕುವವರು. ಸಂಖ್ಯೆಗೆ ಕೈ ಮುಗಿಯುವುದನ್ನು ಕಲಿತವರು ಚೀಟಿಯಲ್ಲಿ ಬರೆದ ಮೊತ್ತಕ್ಕೂ ಕೈ ಮುಗಿಯುತ್ತಾರೆ. ಸಾಲದ ಬಡ್ಡಿ, ಗೂಡಿನ ತೂಕ, ಕೂಲಿಯ ಬಾಕಿ ಯಾವುದನ್ನೂ ಕೇಳುವುದಿಲ್ಲ. ಲಾಭ ಯಾರಿಗೆ ಎಂದು ಬಿಡಿಸಿ ಹೇಳಬೇಕೆ?

ಮುಂದಿನ ಸಲ ‘ದೈವ ಸಂಖ್ಯೆ’ ಬಂದರೆ ಫಾರ್ವರ್ಡ್ ಮಾಡುವ ಮೊದಲು ಮಗುವಿನ ಕೈಗೆ ಹಾಳೆ ಕೊಡಿ. 27994681 ಇಂಟು 441. ಉತ್ತರ ಬಂದ ಮೇಲೆ ಮನೆಯ ಸಾಲದ ಚೀಟಿಯನ್ನೂ ಅದರ ಮುಂದಿಡಿ.