ಅಕ್ಕಪಕ್ಕ ಇಟ್ಟು ನೋಡುವ ಬಿಳಿ

ಮನೆಗೆ ಆಫ್-ವೈಟ್ ಬಳಿಸಲು ಹೊರಟವರು ಶೇಡ್ ಕಾರ್ಡಿನ ಎರಡು ಚೌಕಗಳನ್ನು ಅಕ್ಕಪಕ್ಕ ಹಿಡಿದು, ಒಂದು ತುಸು ಹಳದಿ, ಇನ್ನೊಂದು ತುಸು ಬೂದು ಎಂದು ವಾರಗಟ್ಟಲೆ ವಾದಿಸುತ್ತಾರೆ. ಈ ಪರೀಕ್ಷೆಯೇ ತಪ್ಪು. ಗೋಡೆಗೆ ಬರುವುದು ಒಂದೇ ಬಣ್ಣ. ಅದರ ಜೋಡಿ ಅಂಗಡಿಯಲ್ಲೇ ಉಳಿಯುತ್ತದೆ.

ವ್ಯತ್ಯಾಸವೇನೋ ಇದೆ. ಅಂಗಡಿಯ ಯಂತ್ರ ಬಿಳಿ ಬಣ್ಣಕ್ಕೆ ಹಳದಿಯದೋ ಕಪ್ಪಿನದೋ ಕೆಲವೇ ಹನಿ ಬೆರೆಸುತ್ತದೆ. ಆದರೆ ಕಣ್ಣು ಯಾವ ಬಣ್ಣವನ್ನೂ ಅದರ ಪಕ್ಕದ ಬಣ್ಣದ ಜೊತೆ ತೂಗಿಯೇ ನೋಡುತ್ತದೆ. ಅಚ್ಚ ಬಿಳಿ ಕಾಗದದ ಮೇಲೆ ಮಾಸಲಾಗಿ ಕಾಣುವ ಕೆನೆಬಣ್ಣವೇ ನಾಲ್ಕೂ ಗೋಡೆ ತುಂಬಿದಾಗ ಬಿಳಿಯೆನಿಸುತ್ತದೆ.

ಗೋಡೆಯ ನಿಜವಾದ ನೆರೆಹೊರೆ ನೆಲದ ಟೈಲ್, ಬಾಗಿಲ ಚೌಕಟ್ಟು, ಕಿಟಕಿಯಾಚೆಯ ಕಟ್ಟಡ. ಎಲ್ಲಕ್ಕಿಂತ ಮೇಲೆ ಬೆಳಕು. ಉತ್ತರದ ಕಿಟಕಿಯಿಂದ ಬರುವುದು ಆಕಾಶದ ತಂಪು ಬೆಳಕು. ಅಲ್ಲಿ ಬೂದು ಛಾಯೆ ಇನ್ನಷ್ಟು ಮಂಕಾಗುತ್ತದೆ. 2700 ಕೆಲ್ವಿನ್‌ನ ಬಲ್ಬ್ ಅದೇ ಗೋಡೆಗೆ ಹಳದಿ ಹಚ್ಚಿದರೆ, 6500 ಕೆಲ್ವಿನ್‌ನ ಟ್ಯೂಬ್‌ಲೈಟ್ ನೀಲಿ ಹಚ್ಚುತ್ತದೆ. ಅಂಗಡಿಯಲ್ಲಿ ಒಂದೇ ಎನಿಸಿದ ಎರಡು ಬಿಳಿಗಳು ಮನೆಯ ದೀಪದಡಿ ಬೇರೆಯಾಗುವುದೂ ಉಂಟು.

ಇದೇನೂ ಹೊಸ ವಿದ್ಯೆಯಲ್ಲ. ಹಬ್ಬಕ್ಕೆ ಸುಣ್ಣ ಬಳಿಯುತ್ತಿದ್ದವರು ಅದಕ್ಕೆ ಚಿಟಿಕೆ ನೀಲಿ ಹಾಕುತ್ತಿದ್ದರು, ಹಳದಿ ಮರೆಯಾಗಲೆಂದು. ಹಸಿ ಸುಣ್ಣ ನೋಡಿ ತೀರ್ಮಾನಿಸುವಂತಿರಲಿಲ್ಲ. ಗೋಡೆ ಒಣಗಿದ ಮೇಲೆಯೇ ಬಿಳಿ ತಿಳಿಯುತ್ತಿತ್ತು. ಕೈಗೆ ಕಾರ್ಡು ಬಂದದ್ದೇ ತಡ, ಗೋಡೆಯನ್ನು ನೋಡುವ ಅಭ್ಯಾಸ ಹೋಯಿತು.

ಯಾವ ಬಿಳಿಯಾದರೇನು ಎಂದು ಕೈಚೆಲ್ಲುವವರೂ ಇದ್ದಾರೆ. ಬೆರೆಸಿಕೊಟ್ಟ ಡಬ್ಬಿಯನ್ನು ಅಂಗಡಿಯವರು ಸಾಮಾನ್ಯವಾಗಿ ಹಿಂದಕ್ಕೆ ಪಡೆಯುವುದಿಲ್ಲ. ಎರಡು ಕೋಟ್ ಆದ ಮೇಲೆ ಮನಸ್ಸು ಬದಲಾದರೆ ಬಣ್ಣದ ಜೊತೆ ಕೂಲಿಯೂ ಹೋಯಿತು. ಅದಕ್ಕಿಂತ ಎರಡು ಸಣ್ಣ ಡಬ್ಬಿಗಳ ಖರ್ಚು ಕಡಿಮೆ. ಎರಡಡಿ ಚೌಕದ ಎರಡು ರಟ್ಟುಗಳಿಗೆ ಎರಡೆರಡು ಕೋಟ್ ಬಳಿದು, ಪೂರ್ತಿ ಒಣಗಲು ಬಿಟ್ಟು, ಒಂದನ್ನು ಮರೆಮಾಡಿ ಇನ್ನೊಂದನ್ನು ಮಾತ್ರ ಗೋಡೆಗೆ ಆನಿಸಿ ನಿಲ್ಲಿಸಬೇಕು. ಬೆಳಿಗ್ಗೆ, ಮುಸ್ಸಂಜೆ, ರಾತ್ರಿ ದೀಪ ಹಚ್ಚಿದಾಗ ನೋಡಬೇಕು. ಮರುದಿನ ಇನ್ನೊಂದರ ಸರದಿ.

ಆಮೇಲೂ ಭೇದ ಕಾಣದಿದ್ದರೆ ಯಾವುದಾದರೂ ಸರಿ. ಉಳಿದ ಹಟವನ್ನು ಗೋಡೆಯ ತೇವದ ಮೇಲೆ, ಪುಟ್ಟಿ ಮತ್ತು ಪ್ರೈಮರ್‌ನ ಕೆಲಸದ ಮೇಲೆ ತೋರಿಸಬಹುದು. ನೀರು ಜಿನುಗುವ ಗೋಡೆಯಲ್ಲಿ ಹಳದಿ ಬಿಳಿಯೂ ಬೂದು ಬಿಳಿಯೂ ಒಟ್ಟಿಗೇ ಹಪ್ಪಳ ಏಳುತ್ತವೆ.