ಕೂಲಂಟ್ ತ್ಯಾಜ್ಯ: ದರಪಟ್ಟಿಯಲ್ಲಿ ಕಾಣದ ವೆಚ್ಚ

ಪೀಣ್ಯ, ಬೊಮ್ಮಸಂದ್ರ, ಬೆಳಗಾವಿಯ ಉದ್ಯಮಬಾಗ ಮೊದಲಾದ ಕೈಗಾರಿಕಾ ಪ್ರದೇಶಗಳ ಮೆಷಿನ್ ಶಾಪ್‌ಗಳಲ್ಲಿ ಕೂಲಂಟ್ ಇಲ್ಲದೆ ಕೆಲಸ ಸಾಗದು. ಉಕ್ಕಿನ ಬೆಲೆ, ವಿದ್ಯುತ್ ದರ, ಕೂಲಿ ಇವೆಲ್ಲವನ್ನೂ ಪೈಸೆ ಬಿಡದೆ ಲೆಕ್ಕ ಹಾಕಿ ಜಾಬ್‌ವರ್ಕ್ ದರ ನಿಗದಿಪಡಿಸುವ ಉದ್ಯಮಿಯು ಹಳಸಿದ ಕೂಲಂಟ್‌ನ ವಿಲೇವಾರಿ ವೆಚ್ಚವನ್ನು ಅದರಲ್ಲಿ ಸೇರಿಸುವುದು ವಿರಳ. ಆದರೆ ಪುಸ್ತಕದಲ್ಲಿ ಬರೆಯದ ಮಾತ್ರಕ್ಕೆ ಹೊಣೆಯು ಇಲ್ಲವಾಗುವುದಿಲ್ಲ.

ಎಣ್ಣೆಯೂ ನೀರೂ ಬೆರೆಯವೆಂಬುದು ಲೋಕಾನುಭವ. ಕೂಲಂಟ್‌ನಲ್ಲಿ ಮಾತ್ರ ಸಾಬೂನಿನ ಗುಣವುಳ್ಳ ರಾಸಾಯನಿಕಗಳು ಎಣ್ಣೆಯನ್ನು ಅತಿ ಸೂಕ್ಷ್ಮ ಹನಿಗಳಾಗಿ ನೀರಿನಲ್ಲಿ ಹಿಡಿದಿಡುತ್ತವೆ. ಹನಿಗಳ ಮೇಲ್ಮೈಯಲ್ಲಿ ಸಾಮಾನ್ಯವಾಗಿ ಋಣ ವಿದ್ಯುದಂಶವಿರುವುದರಿಂದ ಅವು ಒಂದನ್ನೊಂದು ದೂರ ತಳ್ಳುತ್ತವೆ. ಆದಕಾರಣ ತೊಟ್ಟಿಯಲ್ಲಿ ಎಷ್ಟು ದಿನ ನಿಲ್ಲಿಸಿದರೂ ಆ ಬಿಳಿ ನೀರು ತಿಳಿಯಾಗದು. ತೇಲುವ ಎಣ್ಣೆಯನ್ನು ತೆಗೆಯುವ ಸ್ಕಿಮ್ಮರ್ ಕೂಲಂಟ್‌ನ ಆಯುಷ್ಯವನ್ನು ಹೆಚ್ಚಿಸೀತೇ ಹೊರತು ಬೆರೆತ ಎಣ್ಣೆಯನ್ನು ಬೇರ್ಪಡಿಸದು.

ಹುಳಿ ಹಿಂಡಿ ಹಾಲನ್ನು ಒಡೆಯುವಂತೆ ಈ ಮಿಶ್ರಣವನ್ನೂ ಒಡೆಯಬೇಕಾಗುತ್ತದೆ. ಆಮ್ಲವನ್ನೋ, ಆಲಂ ಅಥವಾ ಫೆರಿಕ್ ಕ್ಲೋರೈಡನ್ನೋ ಬೆರೆಸಿದಾಗ ಹನಿಗಳು ಒಂದುಗೂಡುತ್ತವೆ. ಅನಂತರ ಸೂಕ್ಷ್ಮ ಗಾಳಿಗುಳ್ಳೆಗಳಿಂದ ತೇಲಿಸಿ ಎಣ್ಣೆಯನ್ನು ತೆಗೆದು, ನೀರಿನ ಆಮ್ಲೀಯತೆಯನ್ನು ಸರಿಪಡಿಸಬೇಕು. ಅಲ್ಟ್ರಾಫಿಲ್ಟ್ರೇಷನ್ ಪೊರೆಯ ಮೂಲಕ ಸೋಸುವುದು ಇನ್ನೊಂದು ಮಾರ್ಗ. ರಾಸಾಯನಿಕದ ಖರ್ಚು ಅಲ್ಲಿ ಕಡಿಮೆಯಾದರೂ ಬಂಡವಾಳ ಹೆಚ್ಚು.

ನೀರು ಬೆರೆಸಿ ಚರಂಡಿಗೆ ಬಿಟ್ಟರಾಯಿತೆಂಬ ಭಾವನೆ ಲೆಕ್ಕಕ್ಕೆ ನಿಲ್ಲದು. ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಾನದಂಡದಂತೆ ಎಣ್ಣೆ ಮತ್ತು ಗ್ರೀಸ್ ಮಿತಿಯು ಕೆರೆ, ಹೊಳೆಗಳಿಗೆ ಲೀಟರಿಗೆ 10 ಮಿಲಿಗ್ರಾಂ, ಸಾರ್ವಜನಿಕ ಒಳಚರಂಡಿಗೆ 20 ಮಿಲಿಗ್ರಾಂ. 200 ಲೀಟರಿನ ಒಂದು ಬ್ಯಾರೆಲ್ ಕೂಲಂಟ್‌ನಲ್ಲಿ 4 ಕಿಲೋ ಎಣ್ಣೆಯಿದೆಯೆಂದು ಭಾವಿಸಿದರೆ, ಬರಿಯ ನೀರಿನಿಂದಲೇ ಅದನ್ನು 10 ಮಿಲಿಗ್ರಾಂಗೆ ಇಳಿಸಲು 4 ಲಕ್ಷ ಲೀಟರ್ ನೀರು ಬೇಕು. ಅಷ್ಟು ನೀರನ್ನು ಟ್ಯಾಂಕರಿನಲ್ಲಿ ತರಿಸುವ ವೆಚ್ಚವನ್ನು ಓದುಗರೇ ಊಹಿಸಬಹುದು.

2023ರ ಜನ ವಿಶ್ವಾಸ ಕಾಯಿದೆಯು ಪರಿಸರ ಸಂರಕ್ಷಣಾ ಕಾಯಿದೆಯಲ್ಲಿನ ಸೆರೆವಾಸದ ಬದಲಿಗೆ 10,000 ರೂಪಾಯಿಯಿಂದ 15 ಲಕ್ಷ ರೂಪಾಯಿವರೆಗೆ ದಂಡವನ್ನು ವಿಧಿಸಿದೆ. ಜೈಲಿನ ಭಯ ತೊಲಗಿತೆಂದು ನಿರಾಳರಾಗುವವರು ಒಂದು ಸಂಗತಿಯನ್ನು ಗಮನಿಸಬೇಕು. ಕಾನೂನು ಉಲ್ಲಂಘನೆಗೆ ತೆತ್ತ ದಂಡವನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ವ್ಯಾಪಾರ ವೆಚ್ಚವೆಂದು ಕಳೆಯಲು ಬರುವುದಿಲ್ಲ. ಶುದ್ಧೀಕರಣದ ವೆಚ್ಚವನ್ನು ಕಳೆಯಬಹುದು.

1962ರ ಆದಾಯ ತೆರಿಗೆ ನಿಯಮಗಳು ಎಣ್ಣೆ ತೆಗೆಯುವ ಯಂತ್ರ, ಗಾಳಿಯಿಂದ ತೇಲಿಸುವ ವ್ಯವಸ್ಥೆ ಮೊದಲಾದ ಜಲಮಾಲಿನ್ಯ ನಿಯಂತ್ರಣ ಸಾಧನಗಳಿಗೆ ಶೇ. 100 ಸವಕಳಿ ನೀಡಿದ್ದವು. 2017ರ ಏಪ್ರಿಲ್‌ನಿಂದ ಅದು ಶೇ. 40ಕ್ಕೆ ಇಳಿಯಿತು. ಲಾಭಾಂಶ ಕಡಿಮೆಯಿರುವ ಸಣ್ಣ ಕೈಗಾರಿಕೆಗಳಿಗಾದರೂ ಹಿಂದಿನ ದರವನ್ನು ಮರಳಿಸುವುದು ನ್ಯಾಯ. 2025ರ ಹೊಸ ಆದಾಯ ತೆರಿಗೆ ಕಾಯಿದೆಯಡಿ ಅನ್ವಯವಾಗುವ ದರವನ್ನು ಖರೀದಿಗೆ ಮುನ್ನವೇ ಖಚಿತಪಡಿಸಿಕೊಳ್ಳುವುದು ಲೇಸು.

ಆದಾಗ್ಯೂ ನಾಲ್ಕು ಲೇತ್‌ಗಳ ಘಟಕವು ಸ್ವಂತ ಸ್ಥಾವರವನ್ನು ಹೂಡುವುದು ವಿವೇಕವಲ್ಲ. ತಿಂಗಳಿಗೆ ಒಂದೆರಡು ಬ್ಯಾರೆಲ್ ತ್ಯಾಜ್ಯಕ್ಕಾಗಿ ಯಂತ್ರ, ನಿರ್ವಾಹಕ, ಪ್ರಯೋಗಾಲಯ ಪರೀಕ್ಷೆ ಎಲ್ಲವೂ ಹೊರೆಯಾಗುತ್ತವೆ. ಒಂದೇ ಪ್ರದೇಶದ ಘಟಕಗಳು ಸಂಘ ಕಟ್ಟಿಕೊಂಡು ಸಾಮಾನ್ಯ ಸ್ಥಾವರವನ್ನು ನಡೆಸಿ, ಲೀಟರ್ ಲೆಕ್ಕದಲ್ಲಿ ಶುಲ್ಕ ಹಂಚಿಕೊಳ್ಳುವುದೇ ಸೂಕ್ತ. ಕೇಂದ್ರ ಸರ್ಕಾರದ ಕಿರು ಮತ್ತು ಸಣ್ಣ ಉದ್ದಿಮೆಗಳ ಕ್ಲಸ್ಟರ್ ಅಭಿವೃದ್ಧಿ ಯೋಜನೆಯ ಸಾಮಾನ್ಯ ಸೌಲಭ್ಯಗಳಲ್ಲಿ ತ್ಯಾಜ್ಯನೀರು ಶುದ್ಧೀಕರಣವೂ ಸೇರಿದೆ. ನೆರೆಯವನೊಡನೆ ದರದ ಪೈಪೋಟಿಯಿದ್ದರೇನು, ಕೊಳವೆಬಾವಿಯ ನೀರು ಇಬ್ಬರಿಗೂ ಒಂದೇ.

ಅಲ್ಲಿಯವರೆಗೆ ಹಳಸಿದ ಕೂಲಂಟನ್ನು ಬೇರೆ ಬ್ಯಾರೆಲ್‌ನಲ್ಲಿ ಶೇಖರಿಸಿ, ದಾಖಲೆಯಿಟ್ಟು, ಅಧಿಕೃತ ಸಂಸ್ಕರಣಕಾರರಿಗೆ ಒಪ್ಪಿಸಬೇಕು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಡಿ ಶೇಖರಣೆಗೆ ಸಾಮಾನ್ಯವಾಗಿ 90 ದಿನಗಳ ಮಿತಿಯಿದೆ. ಈ ವೆಚ್ಚವನ್ನು ಜಾಬ್‌ವರ್ಕ್ ದರದಲ್ಲಿ ಪ್ರತ್ಯೇಕವಾಗಿ ನಮೂದಿಸಲು ಉದ್ಯಮಿಗಳು ಸಂಕೋಚಪಡಬೇಕಿಲ್ಲ. ಗುಣಮಟ್ಟದ ಪ್ರಮಾಣಪತ್ರವನ್ನು ಕೇಳುವ ದೊಡ್ಡ ಖರೀದಿದಾರರು ಶುದ್ಧ ನೀರಿನ ಬೆಲೆಯನ್ನೂ ತೆರುವುದು ಧರ್ಮ.