ಗಡ್ಡೆ ಸುಡುವ ಸೂಜಿ: 3 ಸೆಂಟಿಮೀಟರಿನ ಮಾತು

ಕ್ಯಾನ್ಸರ್ ಗಡ್ಡೆಯನ್ನು ಹೊಟ್ಟೆ ಕೊಯ್ಯದೆ, ಸೂಜಿಯಿಂದಲೇ ಸುಟ್ಟುಹಾಕುವ ಚಿಕಿತ್ಸೆಯ ಬಗ್ಗೆ ನಮ್ಮ ಓದುಗರಲ್ಲಿ ಹಲವರು ಕೇಳಿರಬಹುದು. ರೇಡಿಯೋ ಫ್ರೀಕ್ವೆನ್ಸಿ ಅಬ್ಲೇಶನ್ ಎಂದು ಇದರ ಹೆಸರು. ಲಿವರಿನ ಗಡ್ಡೆಗಳಿಗೆ 1990ರ ದಶಕದಿಂದಲೇ ಬಳಕೆಯಲ್ಲಿರುವ ಈ ವಿಧಾನ ಮತ್ತೆ ಚರ್ಚೆಗೆ ಬರಲು ಕಾರಣ, ನೆದರ್ಲ್ಯಾಂಡ್ಸ್ ವೈದ್ಯರ ನೇತೃತ್ವದ 'ಕೊಲಿಶನ್' ಅಧ್ಯಯನ. ಇದರ ಫಲಿತಾಂಶವನ್ನು 2024ರಲ್ಲಿ ಶಿಕಾಗೋದ ಕ್ಯಾನ್ಸರ್ ತಜ್ಞರ ಸಮ್ಮೇಳನದಲ್ಲಿ ಮಂಡಿಸಲಾಯಿತು.

ದೊಡ್ಡ ಕರುಳಿನ ಕ್ಯಾನ್ಸರ್ ಲಿವರಿಗೆ ಹರಡಿದ್ದ ಸುಮಾರು 300 ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಶಸ್ತ್ರಚಿಕಿತ್ಸೆ, ಉಳಿದವರಿಗೆ ಶಾಖದ ಚಿಕಿತ್ಸೆ. ಬದುಕುಳಿಯುವ ವಿಚಾರದಲ್ಲಿ ಶಾಖದ ಗುಂಪಿನವರು ಹಿಂದೆ ಬೀಳಲಿಲ್ಲ. ಚಿಕಿತ್ಸೆಯ ತೊಂದರೆಗಳು ಶಸ್ತ್ರಚಿಕಿತ್ಸೆಯವರಲ್ಲಿ ಶೇ. 46, ಇವರಲ್ಲಿ ಶೇ. 19. ಫಲಿತಾಂಶ ಇಷ್ಟು ಸ್ಪಷ್ಟವಾದುದರಿಂದ ಅಧ್ಯಯನವನ್ನು ಅರ್ಧದಲ್ಲೇ ನಿಲ್ಲಿಸಲಾಯಿತು. ಆದರೆ ಸುದ್ದಿ ಬಾಯಿಂದ ಬಾಯಿಗೆ ಹೋಗುವಾಗ ಒಂದು ಅಂಕಿ ಉದುರಿಹೋಗುತ್ತದೆ. ಅಲ್ಲಿ ಹೋಲಿಸಿದ್ದು 3 ಸೆಂಟಿಮೀಟರ್ ಮೀರದ ಗಡ್ಡೆಗಳನ್ನು ಮಾತ್ರ.

ಇದಕ್ಕೆ ಕಾರಣವಿದೆ. ಅಲ್ಟ್ರಾಸೌಂಡ್ ಅಥವಾ ಸಿ.ಟಿ. ಸ್ಕ್ಯಾನ್ ನೋಡುತ್ತಾ ವೈದ್ಯರು ಸೂಜಿಯನ್ನು ಗಡ್ಡೆಯೊಳಗೆ ಇಳಿಸುತ್ತಾರೆ. ಸೆಕೆಂಡಿಗೆ ಲಕ್ಷಾಂತರ ಬಾರಿ ದಿಕ್ಕು ಬದಲಿಸುವ ವಿದ್ಯುತ್ ಹರಿದಾಗ ಸುತ್ತಲಿನ ಜೀವಕೋಶಗಳು ಕಾಯುತ್ತವೆ. 60 ಡಿಗ್ರಿ ದಾಟಿದರೆ ತಕ್ಷಣ ಸಾಯುತ್ತವೆ. ಹಾಗೆಂದು ಬೇಕಾದಷ್ಟು ಕಾಯಿಸುವಂತಿಲ್ಲ. 100 ಡಿಗ್ರಿ ಮೀರಿದರೆ ಮಾಂಸ ಕರಕಲಾಗಿ ವಿದ್ಯುತ್ತಿನ ದಾರಿಯನ್ನೇ ತಡೆಯುತ್ತದೆ. ಪಕ್ಕದಲ್ಲಿ ದೊಡ್ಡ ರಕ್ತನಾಳವಿದ್ದರೆ ಹರಿಯುವ ರಕ್ತ ಶಾಖವನ್ನು ಒಯ್ದುಬಿಡುತ್ತದೆ, ಅಲ್ಲಿಯ ಕ್ಯಾನ್ಸರ್ ಕೋಶಗಳು ಉಳಿದುಕೊಳ್ಳಬಹುದು. ಮೈಕ್ರೋವೇವ್ ಸೂಜಿಯ ಶಾಖ ತುಸು ಹೆಚ್ಚು ದೂರ ತಲಪುತ್ತದೆ, ಆದರೂ ಗಾತ್ರದ ಮಿತಿ ಅದಕ್ಕೂ ತಪ್ಪಿದ್ದಲ್ಲ.

ಹಾಗಾಗಿ ಸೂಜಿ ಸಾಕೇ ಎಂಬುದು ಬಹುಮಟ್ಟಿಗೆ ರೋಗ ಎಷ್ಟು ಬೇಗ ಪತ್ತೆಯಾಯಿತು ಎಂಬುದರ ಮೇಲಿದೆ. ಲಿವರಿನಲ್ಲೇ ಹುಟ್ಟುವ ಕ್ಯಾನ್ಸರಿನಲ್ಲಿ ಇದು ಇನ್ನೂ ಮುಖ್ಯ. ಇಂಥವರಲ್ಲಿ ಹೆಚ್ಚಿನವರ ಲಿವರ್ ಸಿರೋಸಿಸ್‌ನಿಂದ ಮೊದಲೇ ಕೆಟ್ಟಿರುವುದರಿಂದ ದೊಡ್ಡ ಆಪರೇಶನ್ ತಾಳುವುದು ಕಷ್ಟ. ಸಣ್ಣ ಗಡ್ಡೆಯಾದರೆ ನೋವೂ ಇರುವುದಿಲ್ಲ. ಸಿರೋಸಿಸ್ ಇರುವವರು 6 ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸಬೇಕೆಂದು ತಜ್ಞರು ಹೇಳುವುದು ಇದಕ್ಕೇ. ಕುಡಿತ ಬಿಟ್ಟು ವರ್ಷಗಳಾದವರಿಗೂ ಇದರಿಂದ ವಿನಾಯಿತಿ ಇಲ್ಲ. ಬಿಟ್ಟೆನಲ್ಲ, ಇನ್ನೇನು ಎಂಬ ಸಮಾಧಾನ ನಮ್ಮ ಮನೆಗಳಲ್ಲಿ ಸಾಮಾನ್ಯ.

ನಮ್ಮ ಧರ್ಮಕೇಂದ್ರಗಳ ವೈದ್ಯಕೀಯ ಶಿಬಿರಗಳಲ್ಲಿ ಬಿ.ಪಿ., ಶುಗರ್ ನೋಡಿ ಕಳುಹಿಸುವುದು ವಾಡಿಕೆ. ಹೆಪಟೈಟಿಸ್ ಬಿ ರಕ್ತಪರೀಕ್ಷೆಯನ್ನೂ ಅದಕ್ಕೆ ಸೇರಿಸಬಹುದು. ಸಿರೋಸಿಸ್ ಇರುವವರ ಮುಂದಿನ ಸ್ಕ್ಯಾನಿನ ತಾರೀಕನ್ನು ಬರೆದಿಟ್ಟುಕೊಂಡು ನೆನಪಿಸುವ ಕೆಲಸವನ್ನು ವಾಳೆಯ ಗುರಿಕಾರರೇ ಮಾಡಬಹುದು.